‘ಅರ್ಥ ಆಯ್ತಾ?’ ಅಂದಾಗ ‘ಹೂಂ’ ಅಂದವರು

‘ಸ್ಕೂಲಲ್ಲಿ ಕಲಿತಿದ್ದು ಜೀವನದಲ್ಲಿ ಯಾವುದಕ್ಕೂ ಬರಲಿಲ್ಲ ಮೇಡಂ.’ ಆಪ್ತಸಲಹೆಗಾರ್ತಿಯಾದ ನಾನು ಈ ಮಾತನ್ನು ಪದೇ ಪದೇ ಕೇಳುತ್ತೇನೆ. ಹತ್ತನೇ ತರಗತಿ ಹುಡುಗರು ಹೇಳಿದರೆ ಅದರ ಹಿಂದೆ ಹೆಚ್ಚಾಗಿ ಪರೀಕ್ಷೆಯ ಭಯ ಇರುತ್ತದೆ. ಮೂವತ್ತು ದಾಟಿದವರು ಹೇಳಿದರೆ ನಾನು ಹುಷಾರಾಗುತ್ತೇನೆ. ಅವರ ಮನಸ್ಸಿನಲ್ಲಿ ‘ನಾನು ದಡ್ಡ, ಮೋಸ ಹೋದೆ’ ಎನ್ನುವ ಇನ್ನೊಂದು ಮಾತು ಕೊರೆಯುತ್ತಿರುತ್ತದೆ. ಅದನ್ನು ಬಾಯಿಬಿಟ್ಟು ಹೇಳಲು ಆಗದೆ ಶಾಲೆಯನ್ನು ಬೈಯುತ್ತಾರೆ.

ಇಲ್ಲಿ ಬರೆಯುತ್ತಿರುವುದು ಅಂಥ ಒಬ್ಬರ ವಿಷಯ. ಅವರನ್ನು ಶಿವಣ್ಣ ಎನ್ನೋಣ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯೂ ಇದೆ.

ಶಿವಣ್ಣ ಎಸ್ಸೆಸ್ಸೆಲ್ಸಿ ಪಾಸಾದವರು. ಸೆಕೆಂಡ್ ಹ್ಯಾಂಡ್ ಗೂಡ್ಸ್ ಗಾಡಿ ಇಟ್ಟುಕೊಂಡು ಬಾಡಿಗೆ ಹೊಡೆಯುತ್ತಾರೆ. ಕರೆತಂದವರು ಅವರ ಹೆಂಡತಿ. ನಿದ್ದೆ ಇಲ್ಲ, ಫೋನ್ ಬಂದರೆ ಎತ್ತುವುದಿಲ್ಲ, ಊಟಕ್ಕೆ ಕೂತರೆ ಅರ್ಧಕ್ಕೆ ಎದ್ದು ಹೋಗುತ್ತಾರೆ. ಇದನ್ನೆಲ್ಲ ಆಕೆ ಸಹಿಸಿಕೊಂಡಿದ್ದರು. ಆದರೆ ಒಂದು ರಾತ್ರಿ ಏಳನೇ ತರಗತಿಯ ಮಗಳು ಗಣಿತದ ಹೋಂವರ್ಕ್ ಮಾಡುತ್ತಾ ಏನೋ ಕೇಳಿದ್ದಾಳೆ. ಇವರು ಪುಸ್ತಕ ಕಿತ್ತು ಎಸೆದು, ‘ಇದನ್ನೆಲ್ಲ ಓದಿ ಏನ್ ಕಿತ್ತು ಹಾಕ್ತೀಯ? ನಾನೂ ಓದಿದೀನಿ’ ಎಂದು ಕೂಗಿದ್ದಾರೆ. ಮರುದಿನದಿಂದ ಮಗಳು ಶಾಲೆಗೆ ಹೋಗಲು ಅಳುತ್ತಿದ್ದಳು. ಆಗ ಆಕೆ ಗಟ್ಟಿ ಮನಸ್ಸು ಮಾಡಿ ಗಂಡನನ್ನು ಕರೆದುಕೊಂಡು ಬಂದರು.

ಸಾಲದ ಭಾರ ಹೊತ್ತು ಬಂದವರನ್ನು ನಾನು ಮೊದಲು ಕೇಳುವುದು ಜೀವದ ಬಗ್ಗೆ. ಸುತ್ತಿ ಬಳಸಿ ಕೇಳುವುದಿಲ್ಲ. ಸಾಯಬೇಕು ಅನ್ನಿಸಿದೆಯಾ ಎಂದು ನೇರವಾಗಿಯೇ ಕೇಳುತ್ತೇನೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಆಗುತ್ತದೆ ಎಂದು ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದರೆ ಅವರಿಗೆ ಹಗುರಾಗುತ್ತದೆ. ಶಿವಣ್ಣ ‘ಒಂದ್ಸಲ ಅನ್ನಿಸಿತ್ತು, ಮಗಳ ಮುಖ ನೋಡಿ ಸುಮ್ನಾದೆ’ ಎಂದರು. ಅವತ್ತೇ ಅವರ ಮತ್ತು ಹೆಂಡತಿಯ ಫೋನಿನಲ್ಲಿ ಟೆಲಿ ಮಾನಸ್ ಸಹಾಯವಾಣಿಯ 14416 ನಂಬರ್ ಸೇವ್ ಮಾಡಿಸಿದೆ. ಮನೆಯಲ್ಲಿ ಯಾರು ಜೊತೆಗಿರಬೇಕು ಎಂದು ಮಾತಾಡಿಕೊಂಡೆವು. ಉಳಿದ ಮಾತೆಲ್ಲ ಆಮೇಲೆ.

ತಿರುವು ಸಿಕ್ಕಿದ್ದು ಮೂರನೇ ಭೇಟಿಯಲ್ಲಿ. ಸಾಲದ ಕಾಗದ ತನ್ನಿ ಎಂದಿದ್ದೆ. ಗಾಡಿಗೆ ಫೈನಾನ್ಸ್ ಕಂಪನಿಯಿಂದ 3 ಲಕ್ಷ ತೆಗೆದುಕೊಂಡಿದ್ದರು. ‘ಒಂದು ರೂಪಾಯಿ ಬಡ್ಡಿ ಅಷ್ಟೇ ಅಣ್ಣ’ ಎಂದಿದ್ದನಂತೆ ಏಜೆಂಟ್. ಅಂದರೆ ನೂರಕ್ಕೆ ತಿಂಗಳಿಗೆ ಒಂದು, ವರ್ಷಕ್ಕೆ ಹನ್ನೆರಡು. ಮೂರು ವರ್ಷದ ಬಡ್ಡಿ 1,08,000. ಅಸಲು ಸೇರಿ 4,08,000. ತಿಂಗಳ ಕಂತು 11,333. ಬಾಡಿಗೆ ಕಡಿಮೆಯಾದ ಮೇಲೆ ಈ ಕಂತು ಕಟ್ಟಲು ಮೂರು ರೂಪಾಯಿ ಬಡ್ಡಿಗೆ ಕೈಸಾಲ ಮಾಡಿದ್ದರು. ಹೆಂಡತಿಗೆ ಅದು ಗೊತ್ತಿರಲಿಲ್ಲ.

‘ಒಂದು ರೂಪಾಯಿ ಬಡ್ಡಿಯ ಸಾಲನೇ ತೀರಿಸೋಕೆ ಆಗಲಿಲ್ಲ, ನನ್ನಂಥ ದಡ್ಡ ಯಾರಿದಾರೆ’ ಎಂದರು.

ನಾನು ಒಂದು ಹಾಳೆ, ಪೆನ್ನು ಕೊಟ್ಟೆ. ತಿಂಗಳಿಗೆ ಅಸಲು ಎಷ್ಟು ತೀರುತ್ತೆ, ನೀವೇ ಬರೆಯಿರಿ ಎಂದೆ. 3 ಲಕ್ಷವನ್ನು 36ರಿಂದ ಭಾಗಿಸಿದರು. 8,333 ಬಂತು. ಉಳಿದ 3,000 ಬಡ್ಡಿ. ಸರಿ, ಎರಡು ವರ್ಷ ತಪ್ಪದೆ ಕಟ್ಟಿದ್ದರೆ ಎಷ್ಟು ಅಸಲು ಉಳಿಯುತ್ತಿತ್ತು? ‘ಒಂದು ಲಕ್ಷ.’ ಆ ಒಂದು ಲಕ್ಷಕ್ಕೆ ತಿಂಗಳ ಬಡ್ಡಿ ಎಷ್ಟು ಕಟ್ಟಬೇಕಿತ್ತು? ‘ಮೂರು ಸಾವಿರ.’ ಹೇಳಿದವರೇ ನಿಂತರು. ಹಾಳೆಯನ್ನೇ ನೋಡಿದರು. ‘ಇದು ಮೂರು ರೂಪಾಯಿ ಬಡ್ಡಿ ಆಯ್ತಲ್ಲ ಮೇಡಂ!’ ನಾನು ಮಾತಾಡಲಿಲ್ಲ. ಅವರೇ ಕೊನೆಯ ತಿಂಗಳಿಗೆ ಹೋದರು. ‘ಉಳಿದಿರೋ ಎಂಟು ಸಾವಿರಕ್ಕೆ ಮೂರು ಸಾವಿರ ಬಡ್ಡಿನಾ?’

ಕಂಪನಿಯ ಪುಸ್ತಕದಲ್ಲಿ ಅಸಲು, ಬಡ್ಡಿಯನ್ನು ಬೇರೆ ರೀತಿ ಹಂಚಿ ಬರೆದಿರಬಹುದು. ಆದರೆ ಜೇಬಿನಿಂದ ಹೋಗುವ ದುಡ್ಡು ಅಷ್ಟೇ. ಅಸಲು ಇಳಿಯುತ್ತಾ ಬಂದರೂ ಮೊದಲ ದಿನದ ಪೂರ್ತಿ ಮೊತ್ತಕ್ಕೇ ಬಡ್ಡಿ ಹಾಕುವ ಇದನ್ನು ಫ್ಲಾಟ್ ರೇಟ್ ಎನ್ನುತ್ತಾರೆ. ಬಾಕಿ ಇರುವ ಅಸಲಿಗೆ ಮಾತ್ರ ಬಡ್ಡಿ ಹಾಕುವ ಲೆಕ್ಕದಲ್ಲಿ ನೋಡಿದರೆ ಶಿವಣ್ಣನ ಸಾಲದ ಬಡ್ಡಿ ವರ್ಷಕ್ಕೆ ಶೇ 21ಕ್ಕಿಂತ ಜಾಸ್ತಿ.

ಗಮನಿಸಿ, ಈ ಲೆಕ್ಕಕ್ಕೆ ಬೇಕಾಗಿದ್ದು ಭಾಗಾಕಾರ, ಕಳೆಯುವುದು ಮತ್ತು ಶೇಕಡ. ಎಲ್ಲವೂ ಪ್ರೌಢಶಾಲೆಗೆ ಹೋಗುವ ಮೊದಲೇ ಕಲಿತದ್ದು. ಶಿವಣ್ಣನಿಗೆ ಒಂದೂ ಮರೆತಿರಲಿಲ್ಲ. ಹಾಗಾದರೆ ಸಹಿ ಹಾಕುವ ದಿನ ಈ ಲೆಕ್ಕ ಎಲ್ಲಿ ಹೋಗಿತ್ತು? ಆ ದಿನ ಏನಾಯಿತು, ಹೇಳಿ ಎಂದೆ.

‘ಕಟ್ಟು ಪೇಪರ್ ಇಟ್ರು. ಎಲ್ಲಾ ಇಂಗ್ಲಿಷು. ಪಟಪಟ ಅಂತ ಏನೋ ಹೇಳಿ, ಅರ್ಥ ಆಯ್ತಾ ಅಂದ್ರು. ಹೂಂ ಅಂದೆ.’

ಅರ್ಥ ಆಗಿತ್ತಾ?

‘ಇಲ್ಲ.’

ಮತ್ತೆ ಯಾಕೆ ಹೂಂ ಅಂದಿರಿ?

ಅವರು ತುಂಬಾ ಹೊತ್ತು ಯೋಚಿಸಿದರು. ‘ಸ್ಕೂಲಲ್ಲೂ ಹಂಗೇ ಅಲ್ವಾ ಮೇಡಂ? ಮೇಷ್ಟ್ರು ಅರ್ಥ ಆಯ್ತಾ ಅಂದ್ರೆ ಎಲ್ರೂ ಸೇರಿ ಆಯ್ತು ಸಾ...ರ್ ಅಂತಿದ್ವಿ. ಒಂದ್ಸಲ ನಾನು ಇಲ್ಲ ಸಾರ್ ಅಂದುಬಿಟ್ಟೆ. ಎಲ್ರಿಗೂ ಆಗಿದ್ದು ನಿಂಗೊಬ್ಬಂಗೆ ಯಾಕೆ ಆಗಲ್ಲ ಅಂತ ಪೀರಿಯಡ್ ಮುಗಿಯೋವರ್ಗೂ ನಿಲ್ಲಿಸಿದ್ರು. ಹುಡುಗ್ರೆಲ್ಲ ನಕ್ಕರು. ಆಮೇಲೆ ನಾನು ಯಾವತ್ತೂ ಇಲ್ಲ ಅಂದಿಲ್ಲ. ಎಲ್ಲೂ ಅಂದಿಲ್ಲ.’

ಈ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಶಾಲೆಯಲ್ಲಿ ಕಲಿತದ್ದು ಬದುಕಿಗೆ ಬರುವುದಿಲ್ಲ ಎಂದು ವಾದ ಮಾಡುವವರು ಇದನ್ನು ಕೇಳಬೇಕು. ಶಿವಣ್ಣ ಶಾಲೆಯಲ್ಲಿ ಎರಡು ಪಾಠ ಕಲಿತಿದ್ದರು. ಒಂದು ಬಡ್ಡಿ ಲೆಕ್ಕ. ಇನ್ನೊಂದು, ಅರ್ಥ ಆಗದಿದ್ದರೂ ತಲೆಯಾಡಿಸುವುದು. ಎರಡೂ ಗಟ್ಟಿಯಾಗಿ ಉಳಿದಿದ್ದವು. ಸಹಿ ಹಾಕುವ ಹೊತ್ತಿಗೆ ಎರಡನೆಯದು ಮೊದಲನೆಯದರ ಬಾಯಿ ಮುಚ್ಚಿಸಿತು.

ಈಗ ಎಲ್ಲರೂ ಹೇಳುತ್ತಾರೆ: ಸೈನ್ ಥೀಟಾ ಬಿಡಿ, ಸಾಲ, ತೆರಿಗೆ, ವಿಮೆ ಕಲಿಸಿ ಎಂದು. ಕಲಿಸಲಿ, ಬೇಡ ಎನ್ನುವುದಿಲ್ಲ. ತ್ರಿಕೋನಮಿತಿ ಎಲ್ಲರಿಗೂ ದಿನಾ ಬೇಕಾಗುತ್ತದೆ ಎಂದು ಮಕ್ಕಳ ಮುಂದೆ ಸುಳ್ಳು ಹೇಳುವವಳೂ ನಾನಲ್ಲ. ಆದರೆ ಬಡ್ಡಿಯ ಪಾಠ ಮೊದಲಿನಿಂದಲೂ ಇತ್ತಲ್ಲ? ಸರಳ ಬಡ್ಡಿ, ಚಕ್ರಬಡ್ಡಿ ಎಂದು ಬಾಯಿಪಾಠ ಮಾಡಿದವರೇ ಅಲ್ಲವೇ ನಾವೆಲ್ಲ? ಕೈ ಎತ್ತಿ ‘ನನಗೆ ಗೊತ್ತಾಗಲಿಲ್ಲ’ ಎನ್ನಲು ಹೆದರುವ ಮಗುವಿಗೆ ಇನ್ನೂ ಹತ್ತು ಪಾಠ ಸೇರಿಸಿದರೆ ಹತ್ತು ಸಲ ಹೆಚ್ಚು ತಲೆಯಾಡಿಸುತ್ತದೆ ಅಷ್ಟೇ. ಇದನ್ನು ಮೇಷ್ಟ್ರುಗಳ ಮೇಲೆ ಮಾತ್ರ ಹೊರಿಸುವುದೂ ತಪ್ಪು. ಕಿಕ್ಕಿರಿದ ತರಗತಿ, ಮುಗಿಸಲೇಬೇಕಾದ ಪೋರ್ಶನ್, ಮೇಲಿನಿಂದ ರಿಸಲ್ಟ್ ಒತ್ತಡ. ಆದರೂ ಒಂದು ಕೇಳಿಕೊಳ್ಳುತ್ತೇನೆ. ‘ಅರ್ಥ ಆಯ್ತಾ?’ ಎಂದು ಇಡೀ ತರಗತಿಯನ್ನು ಕೇಳುವುದು ಬಿಡಿ. ‘ಎಲ್ಲಿ ಕಷ್ಟ ಆಯ್ತು?’ ಎಂದು ಕೇಳಿ.

ಆಪ್ತಸಲಹೆಗಾರ್ತಿಗೆ ಬಡ್ಡಿ ಲೆಕ್ಕದ ಉಸಾಬರಿ ಯಾಕೆ ಎಂದು ನನ್ನ ಜೊತೆ ಕೆಲಸ ಮಾಡುವವರೇ ಕೇಳಿದ್ದಾರೆ. ಮನಸ್ಸಿನ ಮಾತು ಬಿಟ್ಟು ಗಣಿತ ಮಾಡಿಸಿದೆ ಎನ್ನುವ ಆಕ್ಷೇಪ. ನಾನು ಒಪ್ಪುವುದಿಲ್ಲ. ‘ನೀವು ದಡ್ಡರಲ್ಲ’ ಎಂದು ನಾನು ಎಷ್ಟು ಸಲ ಹೇಳಿದ್ದರೂ ಶಿವಣ್ಣ ನಂಬುತ್ತಿರಲಿಲ್ಲ. ತಮ್ಮ ಕೈಯಾರೆ ಲೆಕ್ಕ ಬಿಡಿಸಿದ ಮೇಲೆ ನಂಬಿದರು. ಅವರಿಗೆ ಬೇಕಾಗಿದ್ದ ಸಮಾಧಾನ ಆ ಹಾಳೆಯಲ್ಲೇ ಇತ್ತು.

ಆಮೇಲೆ ಕೊಟ್ಟ ಸಲಹೆಗಳು ಹೀಗಿದ್ದವು. ಮೊದಲು ಹೆಂಡತಿಯ ಮುಂದೆ ಪೂರ್ತಿ ಸಾಲದ ಪಟ್ಟಿ, ಕೈಸಾಲವೂ ಸೇರಿ. ಅದು ನನ್ನ ಕೋಣೆಯಲ್ಲೇ ಆಯಿತು. ಆಕೆ ಅತ್ತರು, ಬೈದರು, ಆಮೇಲೆ ಪೆನ್ನು ಅವರೇ ತೆಗೆದುಕೊಂಡರು. ಎರಡನೆಯದು, ವಸೂಲಿಯವರ ಫೋನಿಗೆ ಹೆದರಿ ಅಡಗಬಾರದು. ವಸೂಲಿಗೆಂದು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಸಣ್ಣ ಸಾಲ ಕೊಟ್ಟು ಕಿರುಕುಳ ಮಾಡುವವರ ವಿರುದ್ಧ ನಮ್ಮ ರಾಜ್ಯ 2025ರಲ್ಲಿ ಸುಗ್ರೀವಾಜ್ಞೆಯನ್ನೂ ತಂದಿತು.

ಮೂರನೆಯದಕ್ಕೆ ಜಾಸ್ತಿ ಸಮಯ ಕೊಟ್ಟೆವು. ‘ನನಗೆ ಅರ್ಥ ಆಗಲಿಲ್ಲ, ಇನ್ನೊಮ್ಮೆ ಹೇಳಿ’ ಎನ್ನುವ ಅಭ್ಯಾಸ. ನಾನು ಫೈನಾನ್ಸ್ ಮ್ಯಾನೇಜರ್, ಅವರು ಗ್ರಾಹಕ. ಮೊದಮೊದಲು ‘ತಪ್ಪು ತಿಳ್ಕೋಬೇಡಿ ಸಾರ್’ ಎಂದು ಶುರು ಮಾಡುತ್ತಿದ್ದರು. ನಾನು ಬೇಕೆಂದೇ ಅವಸರ ಮಾಡಿದೆ, ಗಡಿಯಾರ ನೋಡಿದೆ, ‘ಎಲ್ರೂ ಹೀಗೇ ಸೈನ್ ಮಾಡ್ತಾರೆ’ ಎಂದೆ. ಅವರು ಬೆವರಿದರು. ಒಂದು ಹಂತದಲ್ಲಿ ಕುರ್ಚಿಯಿಂದ ಎದ್ದೇಬಿಟ್ಟರು. ಮತ್ತೆ ಕೂತು ಹೇಳಿದರು. ಮೂವತ್ತೈದು ದಾಟಿದ ಗಂಡಸಿಗೆ ಇದು ಎಷ್ಟು ಕಷ್ಟ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ.

ಓದುತ್ತಿರುವ ನಿಮಗೂ ಇದು ಬೇಕಾಗುತ್ತದೆ. ಶಿವಣ್ಣನ ಸಾಲ ಹಳೆಯದು. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ಸಾಲಗಳಿಗೆ ಬ್ಯಾಂಕ್, ಫೈನಾನ್ಸ್ ಕಂಪನಿಗಳು ಮುಖ್ಯಾಂಶಗಳ ಪತ್ರ ಕೊಡಲೇಬೇಕು. ಎಲ್ಲ ಖರ್ಚು ಸೇರಿ ವರ್ಷದ ನಿಜವಾದ ದರ ಎಷ್ಟು ಎಂದು ಅದರಲ್ಲಿರಬೇಕು. ಸಾಲ ಪಡೆಯುವವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಕೊಡಿ ಎಂದು ಕೇಳಿ. ಮನೆಗೆ ತನ್ನಿ, ರಾತ್ರಿ ಕೂತು ಲೆಕ್ಕ ಹಾಕಿ, ಆಮೇಲೆ ಸಹಿ.

ಮಗಳ ವಿಷಯದಲ್ಲಿ ಹೇಳಿದ್ದು ಸ್ವಲ್ಪವೇ. ಕ್ಷಮೆ ಕೇಳಿ. ‘ಓದು, ಮುಂದೆ ಎಲ್ಲಾ ಉಪಯೋಗಕ್ಕೆ ಬರುತ್ತೆ’ ಎಂದು ಭಾಷಣ ಮಾಡಬೇಡಿ. ಬಡ್ಡಿಯ ಪಾಠ ಬಂದಾಗ ನಿಮ್ಮ ಸಾಲದ ಹಾಳೆಯನ್ನೇ ಅವಳ ಮುಂದೆ ಇಡಿ. ಮನೆಯ ಸಾಲ ಮಕ್ಕಳಿಗೆ ತೋರಿಸಬಾರದು ಎನ್ನುವವರಿದ್ದಾರೆ. ಆ ಮಗು ಅಪ್ಪನ ಸಿಟ್ಟನ್ನು ಆಗಲೇ ನೋಡಿದೆ. ಕಾರಣ ತಿಳಿದರೆ ಅದಕ್ಕೆ ನೆಮ್ಮದಿಯೇ.

ಶಿವಣ್ಣ ಫೈನಾನ್ಸ್ ಆಫೀಸಿಗೆ ಹೋಗಿ ಎರಡು ಸಲ ‘ಅರ್ಥ ಆಗಲಿಲ್ಲ’ ಎಂದು ಹೇಳಿ, ದಂಡ ಎಷ್ಟು, ಬಾಕಿ ಎಷ್ಟು ಎಂದು ಬರಹದಲ್ಲಿ ತಂದರು. ಸಾಲವೇನೂ ಕರಗಿಲ್ಲ. ಕೈಸಾಲವನ್ನು ಮೊದಲು ಮುಗಿಸಲು ಹೆಂಡತಿ ಸಂಘದಿಂದ ಕಡಿಮೆ ಬಡ್ಡಿಗೆ ದುಡ್ಡು ತೆಗೆದಿದ್ದಾರೆ, ಅದರ ಲೆಕ್ಕ ಇಬ್ಬರೂ ಸೇರಿ ಹಾಕಿದ್ದಾರೆ. ನಿದ್ದೆ ಬರುತ್ತಿದೆ. ಮಗಳು ಶಾಲೆಗೆ ಹೋಗುತ್ತಿದ್ದಾಳೆ. ಕಂತುಗಳು ಮುಗಿಯುವವರೆಗೂ ತಿಂಗಳಿಗೊಮ್ಮೆ ಬಂದು ಮಾತಾಡಿ ಹೋಗುವುದು ಎಂದು ಮಾತಾಗಿದೆ.