ಡಿಎನ್ಎ ಸ್ವಿಚ್‌ಗೆ ಆಸಿಡ್ ಹಾಕಿ, ಆಮೇಲೆ ಬೇಸ್ ಹಾಕಿದರೆ ಸಾಲದೇ?

ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಇಳಿಯುತ್ತದೆ) ಇಳಿದರೆ ಮುಚ್ಚಿಕೊಂಡು, ಏರಿದರೆ ತೆರೆದುಕೊಳ್ಳುವ ಡಿಎನ್ಎ ಸ್ವಿಚ್‌ಗೆ ‘ರಾಸಾಯನಿಕ ಇಂಧನ’ ಯಾಕೆ ಬೇಕು, ಒಂದು ಹನಿ ಆಸಿಡ್, ಆಮೇಲೆ ಒಂದು ಹನಿ ಬೇಸ್ (ಕ್ಷಾರ) ಸಾಕಲ್ವಾ ಅಂತ ಕೇಳಿದ್ದೀರಿ. ಯಾದಗಿರಿಯಲ್ಲಿ ಎಂ.ಎಸ್ಸಿ. ಓದುತ್ತಾ ಈ ಪ್ರಶ್ನೆ ಎತ್ತಿದ್ದು ನೋಡಿ ಖುಷಿಯಾಯಿತು. ನಾನು ಕಲಬುರಗಿಯಲ್ಲಿ ಡಿಗ್ರಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ.

ಸ್ವಿಚ್ ಆಡಿಸುವುದಷ್ಟೇ ಆದರೆ ನೀವು ಹೇಳಿದ್ದು ಸಾಕು. ಆದರೆ ಮುಚ್ಚೋಕೂ ತೆರೆಯೋಕೂ ಪಿಪೆಟ್ ಹಿಡಿದು ನೀವೇ ನಿಂತಿರಬೇಕು. ಪ್ರತಿ ಸುತ್ತಿಗೂ ಉಪ್ಪು ಸೇರುತ್ತಾ ಹೋಗುತ್ತದೆ. ಉಪ್ಪು ಹೆಚ್ಚಾದಂತೆ ಡಿಎನ್ಎ ಎಳೆಗಳ ಹಿಡಿತವೇ ಬದಲಾಗುತ್ತದೆ.

ಸ್ವಿಚ್ ಮುಚ್ಚಿಕೊಳ್ಳುವುದು ಡಿಎನ್ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಸೈಟೊಸಿನ್‌ನಿಂದ. ಎರಡೆಳೆಯ ಡಿಎನ್ಎ ಮೇಲೆ ಮೂರನೆಯ ಎಳೆ ಬಂದು ಕೂರಬೇಕಾದರೆ ಅದರ ಸೈಟೊಸಿನ್‌ಗಳು ಒಂದೊಂದು ಪ್ರೋಟಾನ್ (ಆಮ್ಲ ಬಿಟ್ಟುಕೊಡುವ ಕಣ) ಹೊತ್ತಿರಬೇಕು. ಹುಳಿ ಇದ್ದರೆ ಕೂರುತ್ತದೆ, ಹುಳಿ ಹೋದರೆ ಎದ್ದು ಹೋಗುತ್ತದೆ. ಇನ್ನೊಂದು ಅಕ್ಷರ ಥೈಮಿನ್ ಜಾಸ್ತಿ ಇಟ್ಟು ಸೈಟೊಸಿನ್ ಕಡಿಮೆ ಮಾಡಿದರೆ ಇನ್ನೂ ಮೇಲಿನ ಪಿಎಚ್‌ವರೆಗೂ ಮುಚ್ಚಿಯೇ ಇರುತ್ತದೆ.

ಈಗ ಇಂಧನಕ್ಕೆ ಬರೋಣ. 2021ರಲ್ಲಿ ರೋಮ್‌ನ ಸಂಶೋಧಕರು ಇಂಧನವಾಗಿ ಬಳಸಿದ ಎರಡು ಆಮ್ಲಗಳಲ್ಲಿ ನೈಟ್ರೋಅಸಿಟಿಕ್ ಆಮ್ಲ ಒಂದು. ಇದರ ಪಿಕೆಎ (ಪ್ರೋಟಾನ್ ಎಷ್ಟು ಸುಲಭಕ್ಕೆ ಬಿಡುತ್ತದೆ ಅನ್ನುವ ಅಳತೆ, ಕಡಿಮೆಯಾದಷ್ಟೂ ಸುಲಭ) ಸುಮಾರು 1.7. ಅಂದರೆ ನೀರಿಗೆ ಬಿದ್ದ ತಕ್ಷಣ ಪ್ರೋಟಾನ್ ಬಿಟ್ಟುಕೊಡುತ್ತದೆ, ಪಿಎಚ್ ದಡಕ್ಕನೆ ಇಳಿಯುತ್ತದೆ, ಸ್ವಿಚ್ ಮುಚ್ಚುತ್ತದೆ. ಉಳಿದ ಅಯಾನು ಮಾತ್ರ ಗಟ್ಟಿಯಲ್ಲ. ಅದು ನಿಧಾನವಾಗಿ ಕಾರ್ಬನ್ ಡೈಆಕ್ಸೈಡ್ ಕಳಚಿಕೊಂಡು, ಒಂದು ಪ್ರೋಟಾನ್ ವಾಪಸ್ ಎಳೆದುಕೊಂಡು ನೈಟ್ರೋಮೀಥೇನ್ ಆಗುತ್ತದೆ. ನೈಟ್ರೋಮೀಥೇನ್‌ನ ಪಿಕೆಎ 10ರ ಹತ್ತಿರ, ಹಾಗಾಗಿ ಎಳೆದುಕೊಂಡ ಪ್ರೋಟಾನ್ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಪಿಎಚ್ ತಾನಾಗೇ ಏರುತ್ತದೆ, ಸ್ವಿಚ್ ತೆರೆಯುತ್ತದೆ. ಕೊಟ್ಟದ್ದನ್ನು ಅದೇ ಅಣು ವಾಪಸ್ ಪಡೆಯುತ್ತದೆ ನೋಡ್ರಿ, ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಅದೇ. ಎಷ್ಟು ಹೊತ್ತು ಮುಚ್ಚಿರಬೇಕು ಅನ್ನುವುದನ್ನು ಹಾಕುವ ಆಮ್ಲದ ಪ್ರಮಾಣದಿಂದಲೇ ಹೊಂದಿಸಬಹುದು.

ಇಂಥ ಏರಿಳಿತವನ್ನು ಕ್ಲಾಸಿನಲ್ಲಿ ತೋರಿಸೋಕೆ ನಾನು ಸೋಡಾ ಬಳಸುತ್ತೇನೆ. ಅಡುಗೆ ಸೋಡಾ ಕರಗಿಸಿದ ನೀರಿಗೆ ಪಿಎಚ್ ನೋಡಿ ಬಣ್ಣ ಬದಲಿಸುವ ಬ್ರೋಮೋಥೈಮಾಲ್ ಬ್ಲೂ ಎರಡು ಹನಿ ಹಾಕಿದರೆ ನೀಲಿ. ಅದಕ್ಕೆ ಅಂಗಡಿಯ ಸೋಡಾ ಸುರಿದರೆ ಕ್ಷಣದಲ್ಲಿ ಹಳದಿ. ಅಗಲವಾದ ತಟ್ಟೆಗೆ ಸುರಿದು ಬಿಟ್ಟರೆ ಗ್ಯಾಸ್ ಹೋಗುತ್ತಾ ಹಸಿರಿಗೆ, ಆಮೇಲೆ ನೀಲಿಗೆ ತಿರುಗುತ್ತದೆ. ಮೇ ತಿಂಗಳಲ್ಲಿ ನಮ್ಮ ಕಲಬುರಗಿಯ ಸೆಕೆಗೆ ಇದು ಇನ್ನೂ ಬೇಗ. ಇಲ್ಲಿ ಆಮ್ಲ ಗಾಳಿಗೆ ಹಾರಿಹೋಗುತ್ತದೆ, ಅಲ್ಲಿ ಅಣುವೇ ಒಡೆಯುತ್ತದೆ. ವ್ಯತ್ಯಾಸ ಇಷ್ಟೇ.

ಪಿಎಚ್‌ಗೆ ಓಗೊಡುವ ಡಿಎನ್ಎ ಕೆಲಸದಲ್ಲಿ ಬೆಂಗಳೂರಿನ ಹೆಸರೂ ಇದೆ. ವಿಜ್ಞಾನಿ ಯಮುನಾ ಕೃಷ್ಣನ್ ಅಂತ ಹುಡುಕಿ. ಅವರ ತಂಡ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿದ್ದಾಗ 2009ರಲ್ಲಿ ‘ಐ-ಸ್ವಿಚ್’ ಮಾಡಿ, ಜೀವಂತ ಕೋಶದೊಳಗಿನ ಪಿಎಚ್ ಅಳೆದು ತೋರಿಸಿತು. ಕೋಶದೊಳಗೆ ಆ ಹುಳಿಯನ್ನು ಉಳಿಸುವುದು ಕೋಶದ ಇಂಧನವಾದ ಎಟಿಪಿ ಸುಡುವ ಪಂಪುಗಳು. ಇಂಧನ ತೀರಿದರೆ ಹುಳಿಯೂ ಉಳಿಯದು.

ಆದರೂ ಇದನ್ನು ಮೋಟಾರು ಅಂತ ಕರೆಯೋಕೆ ನಾನು ಒಪ್ಪುವುದಿಲ್ಲ. ನಮ್ಮ ಸ್ನಾಯುವಿನ ಮೋಟಾರು ಪ್ರೋಟೀನ್ ಮಯೋಸಿನ್ ಎಟಿಪಿಯನ್ನು ತಾನೇ ಒಡೆಯುತ್ತದೆ. ಇಲ್ಲಿ ಡಿಎನ್ಎ ಇಂಧನ ಮುಟ್ಟುವುದೇ ಇಲ್ಲ. ಇಡೀ ದ್ರಾವಣ ಹುಳಿಯಾಗಿ ಮತ್ತೆ ತಿಳಿಯಾಗುತ್ತದೆ, ಡಿಎನ್ಎ ಅದನ್ನು ಹಿಂಬಾಲಿಸುತ್ತದೆ ಅಷ್ಟೆ. ಜೊತೆಗೆ ಉಪ್ಪಿನ ಕಾಟ ತಪ್ಪಿದರೂ ನೈಟ್ರೋಮೀಥೇನ್ ಕಸ ಉಳಿದೇ ಉಳಿಯುತ್ತದೆ.

ಪ್ರಾಜೆಕ್ಟ್ ಯೋಚನೆ ಇದ್ದರೆ ಸೈಟೊಸಿನ್ ತುಂಬಿದ, ಹುಳಿಯಲ್ಲಿ ಮಡಚಿಕೊಳ್ಳುವ ಐ-ಮೋಟಿಫ್ ಎಳೆಯಿಂದ ಶುರು ಮಾಡಿ. ಬಣ್ಣ ಅಂಟಿಸಿದ ದುಬಾರಿ ಡಿಎನ್ಎ ಬೇಡ. ಐ-ಮೋಟಿಫ್ ಮಡಚುವುದನ್ನು ಯುವಿ ಯಂತ್ರದಲ್ಲಿ 295 ನ್ಯಾನೋಮೀಟರ್‌ನಲ್ಲಿ ನೋಡಬಹುದು. ಕ್ವಾರ್ಟ್ಜ್ ಕ್ಯುವೆಟ್ (ದ್ರಾವಣ ಹಾಕುವ ಪುಟ್ಟ ಪಾತ್ರೆ) ತಗೊಳ್ಳಿ, ಸಾಮಾನ್ಯ ಪ್ಲಾಸ್ಟಿಕ್ಕಿನದು ಯುವಿ ಬಿಡುವುದಿಲ್ಲ. ಬಫರ್ ಗಟ್ಟಿಯಾಗಿ ಹಾಕಬೇಡಿ, ಹಾಕಿದರೆ ಪಿಎಚ್ ಅಲುಗಾಡುವುದೇ ಇಲ್ಲ. ಇಂಧನದ ದ್ರಾವಣವನ್ನು ಬೇಕಾದಾಗ ಹೊಸದಾಗಿ ಮಾಡಿಕೊಳ್ಳಿ, ಮುಂಚೆಯೇ ಕರಗಿಸಿಟ್ಟರೆ ಬಾಟಲಿಯಲ್ಲೇ ಒಡೆದುಹೋಗುತ್ತದೆ. ನೈಟ್ರೋ ಸಂಯುಕ್ತ ಆದ್ದರಿಂದ ಗೈಡ್ ಪಕ್ಕದಲ್ಲಿರುವಾಗಲೇ ಕೈ ಹಾಕಿ.