ಮಂಗನ ಕಾಯಿಲೆ ಮತ್ತು ಅಮೆರಿಕದ ಕೈವಾಡ

ಪತ್ರ: "ಮಂಗನ ಕಾಯಿಲೆ ಅಮೆರಿಕದವರು ನಮ್ಮ ಕಾಡಲ್ಲಿ ಮಾಡಿದ ಪ್ರಯೋಗ. ಊರಿಗೆಲ್ಲ ಗೊತ್ತಿರುವ ವಿಷಯ. ನೀವು ಪತ್ರಿಕೆಯವರು ಮಾತ್ರ ಯಾಕೆ ಬರೆಯೋದಿಲ್ಲ? ಯಾರ ಒತ್ತಡ?"
ಓದುಗರೊಬ್ಬರು, ಸೊರಬ ತಾಲ್ಲೂಕು

ಸಂಪಾದಕರ ಉತ್ತರ:

ನಮಸ್ಕಾರ. ಒತ್ತಡ ಯಾರದ್ದೂ ಇಲ್ಲ. ಆದರೆ ನಾವು ಬರೆಯಲಿಲ್ಲ ಅನ್ನೋದು ನಿಜ, ಅದು ನಮ್ಮ ತಪ್ಪೇ.

ನಿಮ್ಮ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. 1957ರಲ್ಲಿ ನಿಮ್ಮದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನಕ್ಕೂ ಜ್ವರ ಬಂತು. ವೈರಸ್ ಪತ್ತೆ ಮಾಡಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಆ ಕೇಂದ್ರ ಕಟ್ಟಲು ಕೈಜೋಡಿಸಿದ್ದು ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್. ರಷ್ಯಾ ಕಡೆಯ ಒಂದು ಮೆದುಳುಜ್ವರದ ವೈರಸ್‌ಗೂ ಇದಕ್ಕೂ ನಂಟು ಕಂಡಿತು. ವಲಸೆ ಹಕ್ಕಿಗಳು ಹೊತ್ತು ತಂದಿರಬಹುದಾ ಎಂಬ ಪ್ರಶ್ನೆ ಎದ್ದಿತು. 1960ರ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಹಕ್ಕಿ ಅಧ್ಯಯನಕ್ಕೆ ಅಮೆರಿಕ ಸೇನೆಯ ದುಡ್ಡೇ ಬಂತು. ಸೇನೆಗೆ ಹಕ್ಕಿ ಉಸಾಬರಿ ಯಾಕೆ ಎಂದು ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಪತ್ರಕರ್ತರು ಅದನ್ನೇ ಕೇಳಿದರು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ ಕೇಳಿತು. 1975ರ ಅದರ ವರದಿ ಇಂಥ ವಿದೇಶಿ ಯೋಜನೆಗಳನ್ನು ಕಟುವಾಗಿಯೇ ಪ್ರಶ್ನಿಸಿದೆ.

ಇಷ್ಟಕ್ಕೆ ದಾಖಲೆ ಇದೆ. ಅಮೆರಿಕದವರೇ ವೈರಸ್ ತಂದು ಬಿಟ್ಟರು ಅನ್ನೋದಕ್ಕೆ ಇಲ್ಲ. ಸೇನೆಯ ದುಡ್ಡು ಬಂದದ್ದೇ ಕಾಯಿಲೆ ಕಾಣಿಸಿಕೊಂಡ ಮೇಲೆ. ವೈರಸ್ ಇರುವುದು ಕಾಡಿನ ಉಣುಗು ಎಂಬ ರಕ್ತ ಹೀರುವ ಹುಳ, ಇಲಿ, ಮಂಗಗಳ ನಡುವೆ. ಕಾಡು ಕಡಿದು, ಅಂಚಿನಲ್ಲಿ ದನ ಮೇಯಿಸಿದಲ್ಲಿ ಉಣುಗು ಜಾಸ್ತಿಯಾಗಿ ಮನುಷ್ಯರಿಗೂ ಕಚ್ಚುತ್ತದೆ, ಕಾಯಿಲೆ ಅಂಟುವುದು ಹಾಗೆ.

ನಾವು ಮಾಧ್ಯಮದವರು ಇಂಥದ್ದಕ್ಕೆ ಎರಡೇ ದಾರಿ ಹಿಡಿಯುತ್ತೇವೆ. ಒಂದೋ "ವಿದೇಶಿ ಕೈವಾಡ?" ಎಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಸಂಜೆಯಿಡೀ ಚರ್ಚೆ. ಇಲ್ಲ, ತಲೆಬುಡವಿಲ್ಲದ ಮಾತು ಎಂದು ಬದಿಗೆ ಸರಿಸೋದು. ಒಂದು ಚಿಹ್ನೆ ಹಾಕಿದ ಮಾತ್ರಕ್ಕೆ ಜವಾಬ್ದಾರಿ ಕಳಚುವುದಿಲ್ಲ. ಇನ್ನು ಬದಿಗೆ ಸರಿಸಿದರೆ, ಇವರೂ ಏನೋ ಮುಚ್ಚಿಡುತ್ತಿದ್ದಾರೆ ಎಂದು ಜನ ಅಂದುಕೊಳ್ಳುತ್ತಾರೆ. ನಿಮ್ಮ ಪತ್ರವೇ ಅದಕ್ಕೆ ಸಾಕ್ಷಿ.

ಹೋದ ಬೇಸಿಗೆಯಲ್ಲಿ ತೀರ್ಥಹಳ್ಳಿ ಕಡೆ ಒಂದು ಮನೆಗೆ ಹೋಗಿದ್ದೆ. ಉಣುಗು ಹತ್ತದಿರಲಿ ಎಂದು ಆರೋಗ್ಯ ಇಲಾಖೆ ಕೊಟ್ಟ ಎಣ್ಣೆ ಬಾಟಲಿ ಸೀಲು ಒಡೆಯದೆ ಕೊಟ್ಟಿಗೆಯ ಗೋಡೆ ಮೇಲಿತ್ತು. ಕಾಡಿನಿಂದ ತಂದ ದರಗಿನ (ಒಣ ಎಲೆಯ) ಬುಟ್ಟಿ ಇಳಿಸುತ್ತಾ ಆ ಮನೆಯ ಅಮ್ಮ ಹೇಳಿದರು: "ಇದೂ ಅವ್ರದ್ದೇ ಪ್ರಯೋಗ ಅಂತ ಹುಡುಗ್ರು ಮೊಬೈಲಲ್ಲಿ ತೋರಿಸಿದ್ರು. ಹಚ್ಕೊಳ್ಳೋಕೆ ಹೆದರಿಕೆ." ಅವರ ಮೀನಖಂಡದ ಮೇಲೆ ಎಳ್ಳುಕಾಳಿನಷ್ಟು ಉಣುಗು ಕಚ್ಚಿಕೊಂಡಿತ್ತು. ಆವತ್ತು ನನಗೆ ನಮ್ಮ ಮೌನದ ಬೆಲೆ ಗೊತ್ತಾಯಿತು.

ಆ ಸಮಿತಿಯ ವರದಿಯಲ್ಲಿ ಹಕ್ಕಿ ಅಧ್ಯಯನದ ಬಗ್ಗೆ ಇರುವ ಭಾಗವನ್ನು ಕನ್ನಡಕ್ಕೆ ತಂದು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಓದಿ, ಒಪ್ಪದಿದ್ದರೆ ಮತ್ತೆ ಬರೆಯಿರಿ, ಅದನ್ನೂ ಪ್ರಕಟಿಸುತ್ತೇವೆ. ಅಲ್ಲಿಯವರೆಗೆ, ಕಾಡಿಗೆ ಹೋಗುವಾಗ ದಯವಿಟ್ಟು ಎಣ್ಣೆ ಹಚ್ಚಿಕೊಂಡು ಹೋಗಿ.