ಯುಕೆಯಲ್ಲಿ ಝೀರೋ ಅವರ್ಸ್ ಕೆಲಸ, ಸ್ಟೂಡೆಂಟ್ ವೀಸಾ. ಹುಷಾರಿಲ್ಲದಾಗ ಏಜೆನ್ಸಿ ಸಿಕ್ ಪೇ ಕೊಡಲ್ಲ ಅಂದರೆ?

ಕೊಡಲೇಬೇಕು. ನಿಮ್ಮ ಪ್ರಶ್ನೆಯಿಂದ ನನಗೆ ಗೊತ್ತಾಗಿದ್ದು ಇಷ್ಟು: ಲೆಸ್ಟರ್‌ನಲ್ಲಿ ಓದುತ್ತಾ ಏಜೆನ್ಸಿ ಮೂಲಕ ವೇರ್‌ಹೌಸ್ ಶಿಫ್ಟ್ ಮಾಡುತ್ತೀರಿ. ಝೀರೋ ಅವರ್ಸ್, ಅಂದರೆ ವಾರಕ್ಕೆ ಇಷ್ಟು ಗಂಟೆ ಕೆಲಸ ಅಂತ ಖಾತ್ರಿ ಇಲ್ಲ. ವಾರಕ್ಕೆ ಸರಾಸರಿ 120 ಪೌಂಡ್ ಸಿಗುತ್ತದೆ. 2026ರ ಮೇನಲ್ಲಿ ನ್ಯುಮೋನಿಯಾ ಆಗಿ 12 ದಿನ ಕೆಲಸಕ್ಕೆ ಹೋಗಲಿಲ್ಲ. ಏಜೆನ್ಸಿಯವರು "ಝೀರೋ ಅವರ್ಸ್‌ನವರಿಗೆ ಇಲ್ಲ, ಅದರ ಮೇಲೆ ಸ್ಟೂಡೆಂಟ್ ವೀಸಾ" ಅಂದರು.

ನಾನು ಇಲ್ಲಿ ಪೇರೋಲ್ ಕೆಲಸ ಮಾಡುತ್ತೇನೆ. ಈ ಎರಡೂ ಮಾತು ಕೇಳಿ ಕೇಳಿ ಸಾಕಾಗಿದೆ.

ಝೀರೋ ಅವರ್ಸ್ ಅನ್ನುವುದು ಸಿಕ್ ಪೇ ನಿರಾಕರಿಸಲು ಕಾರಣವೇ ಅಲ್ಲ. ಏಜೆನ್ಸಿಯವರೇ ಪೇಸ್ಲಿಪ್ ಕೊಟ್ಟು ತೆರಿಗೆ ಹಿಡಿಯುವವರಾದರೆ ದುಡ್ಡು ಕೊಡಬೇಕಾದವರೂ ಅವರೇ, ವೇರ್‌ಹೌಸ್‌ನವರಲ್ಲ. ನಿಮ್ಮನ್ನು ಸೆಲ್ಫ್ ಎಂಪ್ಲಾಯ್ಡ್ ಅಂತ ತೋರಿಸಿದ್ದರೆ ಮಾತ್ರ ಕಥೆ ಬೇರೆ. ಪೇಸ್ಲಿಪ್ ತೆಗೆದು ನೋಡಿ.

ಇನ್ನು ವೀಸಾ. ನಮ್ಮ ಹುಡುಗರು ಹೆದರುವುದು ಇಲ್ಲೇ. ವೀಸಾದಲ್ಲಿ 'ಪಬ್ಲಿಕ್ ಫಂಡ್ಸ್ ಇಲ್ಲ' ಅಂತ ಇರುತ್ತದಲ್ವಾ, ಅದು ಯುನಿವರ್ಸಲ್ ಕ್ರೆಡಿಟ್‌ನಂಥ ಸರ್ಕಾರಿ ನೆರವಿನ ಮಾತು. ಸ್ಟ್ಯಾಚುಟರಿ ಸಿಕ್ ಪೇ (ಎಸ್‌ಎಸ್‌ಪಿ), ಅಂದರೆ ಕಾನೂನು ಪ್ರಕಾರ ಕೊಡಬೇಕಾದ ಸಿಕ್ ಪೇ, ಆ ಪಟ್ಟಿಯಲ್ಲಿ ಇಲ್ಲ. ಅದನ್ನು ಕೊಡುವುದು ಕೆಲಸ ಕೊಟ್ಟವರು. ಪಡೆದರೆ ಮುಂದಿನ ವೀಸಾಗೆ ತೊಂದರೆ ಆಗುವುದಿಲ್ಲ.

ಏಜೆನ್ಸಿಯವರ ತಲೆಯಲ್ಲಿ ಬಹುಶಃ ಹಳೇ ನಿಯಮ ಕೂತಿದೆ. ಮೊದಲು ವಾರದ ಸರಾಸರಿ ದುಡಿಮೆ 125 ಪೌಂಡ್ ಮುಟ್ಟದಿದ್ದರೆ ಏನೂ ಸಿಗುತ್ತಿರಲಿಲ್ಲ. ಮುಟ್ಟಿದರೂ ಮೊದಲ ಮೂರು ದಿನಕ್ಕೆ ಸೊನ್ನೆ. 2026ರ ಏಪ್ರಿಲ್ 6ರಿಂದ ಈ ಎರಡೂ ಹೋಗಿವೆ. ಈಗ ಮೊದಲ ದಿನದಿಂದಲೇ ಲೆಕ್ಕ. ವಾರಕ್ಕೆ 123.25 ಪೌಂಡ್, ಇಲ್ಲವೇ ನಿಮ್ಮ ಸರಾಸರಿಯ ಶೇ 80, ಯಾವುದು ಕಡಿಮೆಯೋ ಅದು. ನಿಮಗೆ 120ರ ಶೇ 80, ಅಂದರೆ ವಾರಕ್ಕೆ 96 ಪೌಂಡ್. ಸರಾಸರಿ ತೆಗೆಯುವುದು ಕಾಯಿಲೆಗೆ ಹಿಂದಿನ ಸುಮಾರು ಎಂಟು ವಾರದ ಸಂಬಳದಿಂದ. ಅಷ್ಟೂ ಪೇಸ್ಲಿಪ್ ಎತ್ತಿಟ್ಟುಕೊಳ್ಳಿ.

ಇಷ್ಟು ಸಣ್ಣ ದುಡ್ಡಿಗೆ ಯಾಕೆ ಜಗ್ಗಾಡುತ್ತಾರೆ ಅಂದರೆ, ಅದು ಪೂರ್ತಿ ಅವರ ಜೇಬಿನಿಂದ ಹೋಗುತ್ತದೆ. ಬಾಣಂತಿ ರಜೆಯ ದುಡ್ಡಿನಲ್ಲಿ ಬಹುಪಾಲು ಸರ್ಕಾರದಿಂದ ವಾಪಸ್ ಪಡೆಯಬಹುದು. ಸಿಕ್ ಪೇಗೆ ಆ ದಾರಿ 2014ರಲ್ಲೇ ಮುಚ್ಚಿತು.

ನಿಮ್ಮ ಕಡೆ ಎರಡು ವಿಷಯ ಸರಿ ಇರಬೇಕು. ಹುಷಾರಿಲ್ಲ ಅಂತ ಅವರ ಗಡುವಿನೊಳಗೆ ತಿಳಿಸಿರಬೇಕು. ಅವರು ಗಡುವು ಹಾಕಿರದಿದ್ದರೆ ಏಳು ದಿನದೊಳಗೆ. ಆ ದಿನ ಕಳಿಸಿದ ಮೆಸೇಜ್ ಇದ್ದರೆ ಅಳಿಸಬೇಡಿ. ಮೊದಲ ಏಳು ದಿನಕ್ಕೆ, ಶನಿವಾರ ಭಾನುವಾರ ಸೇರಿಸಿ, ಡಾಕ್ಟರ್ ಚೀಟಿ ಬೇಡ. ಆಮೇಲಿನ ದಿನಗಳಿಗೆ ಫಿಟ್ ನೋಟ್ ಬೇಕು. ನಿಮ್ಮದು 12 ದಿನ ಆದ್ದರಿಂದ ಬೇಕೇ ಬೇಕು. ತೆಗೆದುಕೊಂಡಿಲ್ಲವಾದರೆ ಈಗಲೇ ಜಿಪಿ ಸರ್ಜರಿಗೆ, ಅಂದರೆ ನಿಮ್ಮ ಡಾಕ್ಟರ್ ಕ್ಲಿನಿಕ್‌ಗೆ, ಕೇಳಿ. ಹಿಂದಿನ ದಿನಗಳಿಗೂ ಬರೆದುಕೊಡಲು ಅವಕಾಶ ಇದೆ.

ಫೋನಿನಲ್ಲಿ ವಾದ ಮಾಡಿ ಸುಮ್ನೆ ಸುಸ್ತಾಗಬೇಡಿ. ಒಂದು ಇಮೇಲ್ ಹಾಕಿ: "ನನಗೆ ಸಿಕ್ ಪೇ ಇಲ್ಲ ಎನ್ನುವುದಾದರೆ ಕಾರಣ ಬರೆದು ಎಸ್‌ಎಸ್‌ಪಿ1 ಫಾರ್ಮ್ ಕೊಡಿ." ಸಿಕ್ ಪೇ ಯಾಕಿಲ್ಲ ಅಂತ ಬರೆದುಕೊಡುವ ಫಾರ್ಮ್ ಅದು, ಕೊಡುವುದು ಅವರ ಕಾನೂನು ಕರ್ತವ್ಯ. ಬಾಯಲ್ಲಿ ಹೇಳುವುದು ಸುಲಭ, 'ಝೀರೋ ಅವರ್ಸ್' ಅಂತ ಕಾಗದದ ಮೇಲೆ ಬರೆಯಲು ಕೈ ಬರುವುದಿಲ್ಲ. ನನ್ನ ಅನುಭವದಲ್ಲಿ ಜಾಸ್ತಿ ಕೇಸ್‌ಗಳು ಈ ಇಮೇಲ್‌ಗೇ ಮುಗಿಯುತ್ತವೆ.

ಅದಕ್ಕೂ ಬಗ್ಗದಿದ್ದರೆ ಎಚ್‌ಎಂಆರ್‌ಸಿಯಲ್ಲಿ, ಅಂದರೆ ಇಲ್ಲಿನ ತೆರಿಗೆ ಇಲಾಖೆಯಲ್ಲಿ, ಇಂಥ ತಕರಾರು ನೋಡಲೆಂದೇ ಒಂದು ತಂಡ ಇದೆ. ಅವರು ಎರಡೂ ಕಡೆ ಕೇಳಿ ತೀರ್ಮಾನ ಕೊಡುತ್ತಾರೆ. ಉಚಿತ, ವಕೀಲರೂ ಬೇಡ. ಅದಕ್ಕೂ ಮುಂಚೆ ಯಾರನ್ನಾದರೂ ಕೇಳಬೇಕು ಅನ್ನಿಸಿದರೆ ಏಕಾಸ್ (Acas, ಕೆಲಸದ ಹಕ್ಕುಗಳ ಬಗ್ಗೆ ಸಲಹೆ ಕೊಡುವ ಸಂಸ್ಥೆ) ಸಹಾಯವಾಣಿ 0300 123 1100.

ಕೇಳಿದ್ದಕ್ಕೆ ಶಿಫ್ಟ್ ಕಡಿಮೆ ಮಾಡಿಬಿಟ್ಟರೆ ಅನ್ನುವ ಭಯ ನಿಮಗಿದ್ದರೆ ಅದು ತಪ್ಪಲ್ಲ, ಕೆಲವರು ಹಾಗೆ ಮಾಡುತ್ತಾರೆ. ಅದಕ್ಕೇ ಇಮೇಲ್ ಮೆತ್ತಗೆ ಬರೆಯಿರಿ. ಕಾಪಿ ನಿಮ್ಮ ಸ್ವಂತ ಐಡಿಗೂ ಕಳಿಸಿಕೊಳ್ಳಿ.